ಮಂಡಪಂನಿಂದ ಕಾರವಾರಕ್ಕೆ ಕಪ್ಪಾಫೈಕಸ್ ಬೀಜ: ಡ್ರಮ್ಮೋ, ಗೋಣಿಚೀಲವೋ?

ಮಾಜಾಳಿ_ಬಲೆ:
ತಮಿಳುನಾಡಿನ ಮಂಡಪಂನಿಂದ ಕಪ್ಪಾಫೈಕಸ್ ಕಡಲಕಳೆ ಬೀಜ (ನಾಟಿಗೆ ಬಳಸುವ ಕಳೆಯ ತುಂಡು) ತರಿಸಿ ಮಾಜಾಳಿ ಹತ್ತಿರ ಐದು ಬಿದಿರಿನ ತೆಪ್ಪ ಕಟ್ಟುವ ಯೋಚನೆ ಇದೆ. 12 ಅಡಿ ಚೌಕದ ತೆಪ್ಪ, ಒಂದಕ್ಕೆ 60 ಕೆ.ಜಿ.ಯಂತೆ 300 ಕೆ.ಜಿ. ಬೇಕು. ದಾರಿಯಲ್ಲೇ ಸುಮಾರು ಒಂದು ದಿನ ಹೋಗುತ್ತದೆ. ನೀಲಿ ಡ್ರಮ್ಮಿಗೆ ಸಮುದ್ರದ ನೀರು ತುಂಬಿ ತರಲೇ? ಐಸ್ ಹಾಕಬೇಕೇ? ಡಿಸೆಂಬರ್ ಮೊದಲ ವಾರ ಆದೀತೇ?

ತೆಪ್ಪದವ:
ಡ್ರಮ್ ಬೇಡ. ನೀರಿನ ಭಾರಕ್ಕೆ ಬಾಡಿಗೆ ದಂಡ, ಮೇಲಾಗಿ ಕತ್ತಲಲ್ಲಿ ಒತ್ತೊತ್ತಾಗಿ ನಿಂತ ಬೀಜಕ್ಕೆ ಉಸಿರುಕಟ್ಟಿ ಕೊಳೆಯುತ್ತದೆ. ಒದ್ದೆಯಾಗಿ, ಆದರೆ ನೀರಿಲ್ಲದೆ ತರಬೇಕು.

ಸಂಜೆ ಹೊತ್ತಿಗೆ ಕೊಯ್ಸಿ. ಗಟ್ಟಿಯಾದ, ಕವಲು ಹೆಚ್ಚಿರುವ ಎಳೆಯ ತುದಿಗಳನ್ನೇ ಹರಿತವಾದ ಚಾಕುವಿನಿಂದ ಕತ್ತರಿಸಬೇಕು, ಕೈಯಲ್ಲಿ ಕಿತ್ತರೆ ಗಾಯದಿಂದ ಕೊಳೆ ಶುರು. ಬಿಳಚಿದ ಗೆಣ್ಣು, ಕೂದಲಿನಂಥ ಬೇರೆ ಪಾಚಿ ಅಂಟಿದ ಗೊಂಚಲು ಪೂರ್ತಿ ಬಿಡಿ. ಆ ರೋಗ ನಿಮ್ಮ ಕಡಲಿಗೂ ಬರುತ್ತದೆ. ಸಮುದ್ರದ ನೀರಲ್ಲೇ ಜಾಲಿಸಿ, ನೆರಳಲ್ಲಿ ಅರ್ಧ ತಾಸು ಸೋರಲು ಬಿಟ್ಟು, ಉಪ್ಪುನೀರಿನಲ್ಲಿ ನೆನೆಸಿದ ಗೋಣಿಚೀಲಕ್ಕೆ 15–20 ಕೆ.ಜಿ. ಸಡಿಲವಾಗಿ ತುಂಬಿ. ಚೀಲದ ಮೇಲೆ ಚೀಲ ಹೇರಬೇಡಿ: ಒಟ್ಟಿದ ರಾಶಿಯ ನಡುವೆ ಬಿಸಿ ಏರಿ ಬೀಜ ಬೆಂದುಹೋಗುತ್ತದೆ. ನಡುವೆ ಪ್ಲಾಸ್ಟಿಕ್ ಕ್ರೇಟ್ ಇಟ್ಟು ಗಾಳಿಗೆ ಜಾಗ ಮಾಡಿ. ಎರಡು ಕ್ಯಾನ್ ಸಮುದ್ರದ ನೀರು ಗಾಡಿಯಲ್ಲಿರಲಿ, ಮೂರು-ನಾಲ್ಕು ತಾಸಿಗೊಮ್ಮೆ ಗೋಣಿಗೆ ಚಿಮುಕಿಸಿ. ಡ್ರೈವರ್ ನಲ್ಲಿಯ ಸಿಹಿನೀರು ಹೊಡೆದರೆ ಕಥೆ ಮುಗಿಯಿತು, ಮೊದಲೇ ಹೇಳಿಡಿ.

ಐಸ್ ಕೂಡ ಅದೇ ಕಾರಣಕ್ಕೆ ಬೇಡ, ಕರಗಿದರೆ ಸಿಹಿನೀರೇ ತಾನೇ? ತೀರಾ ತಣ್ಣಗಾದರೂ ಈ ಜಾತಿಗೆ ಆಗದು. ಮೀನಿನ ಗಾಡಿಯಾದರೆ ಒಳಗನ್ನು ಉಪ್ಪುನೀರಿನಿಂದ ತೊಳೆಸಿಕೊಳ್ಳಿ.

ಅಳಿವೆ_ನೋಟ:
ಡಿಸೆಂಬರ್ ನನಗೆ ಸರಿಕಾಣದು. ನಮ್ಮಲ್ಲಿ ಆಗ ಕಡಲು ಶಾಂತ, ನಿಜ. ಆದರೆ ಮಂಡಪಂನಲ್ಲಿ ಅದು ಹಿಂಗಾರು ಮಳೆಯ ಕಾಲ, ಬೀಜ ಕಡಿಮೆ, ಇದ್ದದ್ದೂ ಬಳಲಿರುತ್ತದೆ. ಜನವರಿ ಕೊನೆಗೆ ತರಿಸಿ.

ನೀರಿನ ಲವಣಾಂಶ ಅಳೆದಿದ್ದೀರಾ? ಕಾಳಿ ನದಿಯ ಅಳಿವೆ ದೂರವಿಲ್ಲ. ರಿಫ್ರಾಕ್ಟೋಮೀಟರ್ (ಉಪ್ಪಿನಂಶ ಅಳೆಯುವ ಸಾಧನ) ಹಿಡಿದು ಇಳಿತದ ಹೊತ್ತಲ್ಲೇ ನೋಡಿ, ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನವೂ ನೋಡಿ. ಲೀಟರಿಗೆ 30 ಗ್ರಾಂಗಿಂತ ಕೆಳಗೇ ಇದ್ದರೆ ಆ ಜಾಗ ಬಿಡಿ. ಕಪ್ಪಾಫೈಕಸ್ ಹೊರದೇಶದ ಜಾತಿ, ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿದ ದಾಖಲೆ ಇದೆ. ಗಾಡಿ ಗೊತ್ತು ಮಾಡುವ ಮೊದಲು ಮೀನುಗಾರಿಕೆ ಇಲಾಖೆಯ ಒಪ್ಪಿಗೆ ಪಡೆಯಿರಿ. ಕಾರವಾರದಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರವಿದೆ, ಜಾಗವನ್ನು ಅವರಿಗೆ ತೋರಿಸಿ.

ಮಾಜಾಳಿ_ಬಲೆ:
ಬಂದ ಕೂಡಲೇ ಹಗ್ಗಕ್ಕೆ ಕಟ್ಟಬೇಕೇ?

ತೆಪ್ಪದವ:
ಒಂದು ರಾತ್ರಿ ಬಲೆಚೀಲದಲ್ಲಿ ಕಡಲಲ್ಲಿ ತೂಗುಬಿಡಿ. ಚೀಲ ಬಿಚ್ಚಿದಾಗ ಗುಲಾಬಿ ಬಣ್ಣದ ನೀರು ಸೋರಿದರೆ ಜೀವಕೋಶ ಒಡೆದಿವೆ ಎಂದರ್ಥ. ಅಂಥದ್ದನ್ನೂ ಮೆತ್ತಗಾದದ್ದನ್ನೂ ದಡದಲ್ಲೇ ಹೂಳಿ, ನೀರಿಗೆ ಎಸೆಯಬೇಡಿ. ಉಳಿದದ್ದನ್ನು ಬೆಳಿಗ್ಗೆ ಬಿಸಿಲೇರುವ ಮೊದಲು 150 ಗ್ರಾಂ ತುಂಡು ಮಾಡಿ ಕಟ್ಟಿ: ಹಗ್ಗಕ್ಕೆ 20, ತೆಪ್ಪಕ್ಕೆ 20 ಹಗ್ಗ.

ಇನ್ನೊಂದು: 300 ಕೆ.ಜಿ. ಒಮ್ಮೆಗೇ ಯಾಕೆ? 70 ಕೆ.ಜಿ. ತರಿಸಿ ಒಂದೇ ತೆಪ್ಪ ಕಟ್ಟಿ. ಚೆನ್ನಾಗಿ ಬಂದರೆ 45 ದಿನಕ್ಕೆ ಮೂರು-ನಾಲ್ಕು ಪಟ್ಟಾಗುತ್ತದೆ, ಉಳಿದ ತೆಪ್ಪಗಳಿಗೆ ಬೀಜ ಅಲ್ಲೇ ಸಿಕ್ಕಿತು.