ಬಾಲ ಅಲ್ಲಾಡಿಸುತ್ತಲೇ ಬಾಯಿ ಹಾಕಿತು: ನಾಯಿ ಸಾಕಿದವರು ದಯವಿಟ್ಟು ಹೇಳಿ

ಕಲಬುರಗಿಯಿಂದ ಕೇಳುತ್ತಿದ್ದೇನೆ. ಮೂರು ತಿಂಗಳ ಹಿಂದೆ ನಮ್ಮ ಓಣಿಯ ನಾಯಿಯನ್ನೇ ಮನೆಗೆ ತಂದುಕೊಂಡೆವು. ಹೆಣ್ಣು, ಎರಡು ವರ್ಷ ಇರಬಹುದು. ನಮ್ಮ ಜೊತೆ ಚೆನ್ನಾಗಿದೆ. ಮೊನ್ನೆ ಕಾಕಾ ಬಂದಾಗ ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ಖುಷಿಯಾಗಿದೆ ಅಂತ ಅವರು ತಲೆ ಸವರಲು ಕೈ ಚಾಚಿದರು. ಗಬಕ್ಕನೆ ಬಾಯಿ ಹಾಕಿತು. ಹಲ್ಲು ತಾಗಲಿಲ್ಲ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ಅದಕ್ಕೇ ಭಯ. ಬಾಲ ನೋಡಿ ನಾಯಿಯ ಮನಸ್ಸು ತಿಳಿಯೋದು ಹೇಗೆ?

ಬ್ರಹ್ಮಪುರದಿಂದ

ಅಕ್ಕ, ನಿಮ್ಮ ನಾಯಿ ಮೋಸ ಮಾಡಿಲ್ಲ. ಬಾಲ ಅಲ್ಲಾಡಿದರೆ ಖುಷಿ ಅಂತ ನಾವೆಲ್ಲ ಚಿಕ್ಕಂದಿನಿಂದ ನಂಬಿಬಿಟ್ಟಿದ್ದೇವೆ. ನಿಜವಾಗಿ ಅದರ ಮನಸ್ಸಿನಲ್ಲಿ ಏನೋ ಜೋರಾಗಿ ನಡೆದಿದೆ ಅಂತ ಅಷ್ಟೇ ಅರ್ಥ. ಪ್ರೀತಿ ಇರಬಹುದು, ಸಿಟ್ಟಿರಬಹುದು, ಗಾಬರಿಯೂ ಇರಬಹುದು.

ಕಾಕಾ ಬಂದಾಗ ಬಾಲ ಎಷ್ಟು ಎತ್ತರದಲ್ಲಿತ್ತು, ನೆನಪು ಮಾಡಿಕೊಳ್ಳಿ. ಕೋಲಿನ ಹಾಗೆ ನಿಮಿರಿ, ತುದಿ ಮಾತ್ರ ಸಣ್ಣಗೆ ಬಿರಬಿರ ಆಡುತ್ತಿದ್ದರೆ ಅದು ‘ಅಲ್ಲೇ ನಿಲ್ಲು’ ಅನ್ನೋ ಮಾತು. ಖುಷಿಯ ಬಾಲ ಬೇರೆ. ಬೆನ್ನಿನ ಮಟ್ಟದಲ್ಲೋ ಸ್ವಲ್ಪ ಕೆಳಗೋ ಸಡಿಲವಾಗಿದ್ದು ಅಗಲವಾಗಿ ಬೀಸುತ್ತೆ, ಜೊತೆಗೆ ಸೊಂಟವೂ ಆಡುತ್ತೆ. ಸಂಜೆ ನಾನು ಗೇಟು ತೆಗೆದ ಸಪ್ಪಳಕ್ಕೆ ನಮ್ಮ ಕರಿಯನ ಬಾಲ ಗೋಡೆಗೆ ಬಡಿದು ಟಪಟಪ ಅನ್ನುತ್ತೆ. ಕಾಲ ಸಂದಿಯಲ್ಲಿ ಬಾಲ ಸಿಕ್ಕಿಸಿಕೊಂಡರೆ ಹೆದರಿಕೆ, ಅದು ಎಲ್ಲರಿಗೂ ಗೊತ್ತು. ಆದರೆ ಹೆದರಿದ ನಾಯಿಗೆ ಓಡಲು ದಾರಿ ಇಲ್ಲದಿದ್ದರೆ ಅದೂ ಕಚ್ಚುತ್ತೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕರಿಯ ಮರಿಯಿದ್ದಾಗ ಊಟದ ಹೊತ್ತಿಗೆ ಯಾರಾದರೂ ಹತ್ತಿರ ಹೋದರೆ ಗುರ್ ಅನ್ನುತ್ತಿದ್ದ. ನಾನು ಪ್ರತಿ ಸಲ ಗದರಿಸಿ, ಮೂತಿಗೆ ಒಂದು ಏಟು ಹಾಕುತ್ತಿದ್ದೆ. ಕೆಲವು ತಿಂಗಳಲ್ಲಿ ಗುರುಗುಟ್ಟುವುದು ನಿಂತಿತು. ನಾಯಿ ಸುಧಾರಿಸಿತು ಅಂದುಕೊಂಡೆ. ಒಂದು ದಿನ ಅವನು ಬೇವಿನ ಗಿಡದ ಕೆಳಗೆ ಜೋಳದ ರೊಟ್ಟಿ ತಿನ್ನುತ್ತಿದ್ದ. ಅಕ್ಕನ ಮಗ ಹತ್ತಿರ ಹೋದ. ಕರಿಯ ಅಗಿಯುವುದನ್ನು ನಿಲ್ಲಿಸಿದ. ರೊಟ್ಟಿ ತುಂಡು ಬಾಯಲ್ಲೇ ಇತ್ತು, ತಲೆ ಕೆಳಗೇ ಇತ್ತು. ಕಣ್ಣು ಮಾತ್ರ ಓರೆಯಾಗಿ ಹುಡುಗನ ಕಡೆ ತಿರುಗಿ ಬಿಳಿಭಾಗ ಕಂಡಿತು. ಮೈಯೆಲ್ಲ ಕಲ್ಲು. ಬಾಲ ಕೂಡ ಆಡಲಿಲ್ಲ. ನಮ್ಮ ಅವ್ವ ಒಳಗಿನಿಂದ ಕೂಗಿದಳು, ‘ತಮ್ಮಾ, ಹೋಗಬ್ಯಾಡ, ಅದರ ಮಾರಿ ನೋಡು!’ ನಾನು ಏಳುವಷ್ಟರಲ್ಲಿ ಹುಡುಗನ ಅಂಗೈಯಲ್ಲಿ ರಕ್ತ.

ಗುರುಗುಟ್ಟುವುದನ್ನು ನಾನೇ ಬಡಿದು ನಿಲ್ಲಿಸಿದ್ದೆ. ಅವನಿಗೆ ಎಚ್ಚರಿಸಲು ಬೇರೆ ದಾರಿ ಉಳಿದಿರಲಿಲ್ಲ. ನಿಮ್ಮ ನಾಯಿ ಗುರ್ ಅಂದರೆ ದಯವಿಟ್ಟು ಹೊಡೆಯಬೇಡಿ. ಮಗುವನ್ನು ದೂರ ಕರೆದುಕೊಳ್ಳಿ. ಆಡುತ್ತಿದ್ದ ಬಾಲ, ಬಾಯಿ, ಉಸಿರು ಎಲ್ಲ ಒಮ್ಮೆಲೇ ನಿಂತುಬಿಟ್ಟರೆ ಆ ಕ್ಷಣಕ್ಕೇ ಜಾಸ್ತಿ ಹೆದರಬೇಕು.

ಹಲ್ಲು ಗೀರಿದರೂ ಸರಿ, ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಬೇಕು. ನಾವು ಹಾಗೇ ಮಾಡಿದೆವು. ಮೇಲೆ ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ನಾಯಿಗೂ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಿಸಬೇಡಿ.

ಸೇಡಂನಿಂದ

ಒಂದು ಮಾತು ಸೇರಿಸುತ್ತೇನೆ. ನಿಮ್ಮ ನಾಯಿ ಸುಮ್ನೆ ನಿಂತಾಗ ಬಾಲ ಎಲ್ಲಿರುತ್ತೆ ಅಂತ ಮೊದಲು ನೋಡಿಟ್ಟುಕೊಳ್ಳಿ. ನಮ್ಮದು ಮುಧೋಳ ನಾಯಿ. ಅದರ ಬಾಲ ಯಾವಾಗಲೂ ಕೆಳಗೇ ಇಳಿಬಿದ್ದಿರುತ್ತೆ. ಬಂದವರೆಲ್ಲ ‘ಪಾಪ, ಹೆದರಿದೆ’ ಅಂತಾರೆ. ಹೆದರಿಕೆ ಏನೂ ಇಲ್ಲ, ಅದರ ಕಟ್ಟೇ ಹಾಗೆ. ನಮ್ಮ ಬೀದಿನಾಯಿಗಳದ್ದು ಹೆಚ್ಚಾಗಿ ಬೆನ್ನ ಮೇಲೆ ಕುಡುಗೋಲಿನ ಹಾಗೆ ಬಾಗಿರುತ್ತೆ. ಅದನ್ನು ನೋಡಿ ಸಿಟ್ಟು ಅನ್ನೋಕಾಗಲ್ಲ. ಪಗ್ ನಾಯಿಯ ಸುರುಳಿ ಬಾಲ ಓದೋದು ಇನ್ನೂ ಕಷ್ಟ. ದಿನಾ ಇರೋ ಜಾಗದಿಂದ ಮೇಲೆ ಹೋಯಿತೋ ಕೆಳಗೆ ಬಂತೋ, ಅದೇ ಲೆಕ್ಕ.

ದಿನಾ ಎತ್ತುವ ಬಾಲ ಒಂದು ದಿನ ಜೋತುಬಿದ್ದು, ಮುಟ್ಟಿದರೆ ಕುಂಯ್ ಅಂದರೆ ಅದು ನೋವು. ಪಶು ಡಾಕ್ಟರಿಗೆ ತೋರಿಸಿ.

ಬೀದರ್‌ನಿಂದ

ಬಾಲದ ಎಡ ಬಲದ ಬಗ್ಗೆಯೂ ಅಧ್ಯಯನ ಆಗಿದೆ. 2007ರಲ್ಲಿ ಇಟಲಿಯ ವಿಜ್ಞಾನಿಗಳು 30 ಸಾಕುನಾಯಿಗಳನ್ನು ಗಮನಿಸಿದರು. ಯಜಮಾನನನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಜಾಸ್ತಿ ಬೀಸಿತು. ಜಬರದಸ್ತಿನ ಅಪರಿಚಿತ ನಾಯಿ ಎದುರಾದಾಗ ಎಡಕ್ಕೆ. ಮಿದುಳಿನ ಬಲಭಾಗ ದೇಹದ ಎಡಭಾಗವನ್ನು ಆಳುತ್ತೆ, ದೂರ ಸರಿಯಬೇಕು ಅನ್ನಿಸುವ ಭಾವನೆಯೂ ಆ ಬಲಭಾಗದ್ದೇ ಅನ್ನೋದು ಅವರ ವಿವರಣೆ. ಆದರೆ ಈ ವ್ಯತ್ಯಾಸ ಬರಿಗಣ್ಣಿಗೆ ಸಿಗೋದು ಕಷ್ಟ, ಮನೆಯಲ್ಲಿ ಇದನ್ನು ನಂಬಿ ಕೂರಬೇಡಿ. ನನಗೆ ಬಾಯಿ ಮತ್ತು ಕಿವಿಯೇ ಹೆಚ್ಚು ಉಪಯೋಗಕ್ಕೆ ಬಂದಿವೆ. ಊಟ ಇಲ್ಲದೆ ತುಟಿ ನೆಕ್ಕೋದು, ನಿದ್ದೆ ಇಲ್ಲದೆ ಆಕಳಿಸೋದು, ಮುಖ ಪಕ್ಕಕ್ಕೆ ತಿರುಗಿಸೋದು, ಕಿವಿ ಹಿಂದಕ್ಕೆ ಅಂಟಿಸೋದು. ಇವೆಲ್ಲ ‘ಸಾಕು, ಬಿಡಿ’ ಅನ್ನೋ ಮಾತು. ಮಕ್ಕಳು ಅಪ್ಪಿಕೊಂಡ ಫೋಟೊಗಳಲ್ಲಿ ಎಷ್ಟೋ ನಾಯಿಗಳು ಇದನ್ನೇ ಮಾಡುತ್ತಿರುತ್ತವೆ, ನೋಡಿ ಸಂಕಟ ಆಗುತ್ತೆ.

ಏದುಸಿರನ್ನು ನಮ್ಮ ಕಡೆಯ ಬೇಸಿಗೆಯಲ್ಲಿ ಹುಷಾರಾಗಿ ಓದಬೇಕು. ಬಿಸಿಲಿಗೆ ಎಲ್ಲ ನಾಯಿಗಳೂ ನಾಲಿಗೆ ಚಾಚುತ್ತವೆ. ನೆರಳಲ್ಲಿ ತಂಪಾಗಿದ್ದಾಗಲೂ ಏದುಸಿರು ಬಿಟ್ಟರೆ ಗಾಬರಿಯೋ ನೋವೋ ಇರಬಹುದು.

ಮತ್ತೆ ಬ್ರಹ್ಮಪುರದಿಂದ

ಮಗಳಿಗೆ ಎರಡೇ ಮಾತು ಹೇಳಿಕೊಡಿ. ತಿನ್ನುವಾಗ, ಮಲಗಿರುವಾಗ ನಾಯಿಯ ಹತ್ತಿರ ಹೋಗಬಾರದು. ಅಪ್ಪಿಕೊಳ್ಳಬಾರದು. ದೊಡ್ಡವರಿಲ್ಲದೆ ಇಬ್ಬರನ್ನೇ ಬಿಡಬೇಡಿ, ನಾಯಿ ಎಷ್ಟೇ ಒಳ್ಳೆಯದಾದರೂ. ಮುಂಗಾಲು ಚಾಚಿ ಎದೆ ನೆಲಕ್ಕಿಟ್ಟು ಹಿಂಭಾಗ ಎತ್ತಿದರೆ ಅದು ಆಟಕ್ಕೆ ಕರೆಯುತ್ತಿದೆ. ಆಗ ನೀವು ಪಕ್ಕದಲ್ಲಿ ಕೂತು ಚೆಂಡು ಎಸೆಯಲು ಹೇಳಿ.

ಕಾಕಾ ಮುಂದಿನ ಸಲ ಬಂದಾಗ ಸೀದಾ ಕುರ್ಚಿಯ ಮೇಲೆ ಓರೆಯಾಗಿ ಕೂರಲಿ. ನಾಯಿಯ ಕಣ್ಣನ್ನೇ ದಿಟ್ಟಿಸಬಾರದು, ಮೇಲಿನಿಂದ ತಲೆಗೆ ಕೈ ತರಬಾರದು. ಅದು ತಾನೇ ಬಂದು ಮೂಸಿ, ಬಾಲ ಸಡಿಲಾಗಿ ಅಲ್ಲಾಡಿಸಿದರೆ ಕತ್ತಿನ ಕೆಳಗೆ ಮೆಲ್ಲಗೆ ಕೆರೆದು ಕೈ ಹಿಂದೆ ತೆಗೆದುಕೊಳ್ಳಲಿ. ಮತ್ತೆ ಬೇಕಾದರೆ ಅದೇ ಮೂತಿ ಒತ್ತಿ ಕೇಳುತ್ತೆ. ಬರದಿದ್ದರೆ ಬಿಟ್ಟುಬಿಡಿ, ಇನ್ನೊಂದು ದಿನ ಬರುತ್ತೆ.