ಬಿ.ಎ. ಇತಿಹಾಸ: ವಿಭಾಗದ ಗುಣಮಟ್ಟವನ್ನು ತಿಳಿಯುವುದು ಹೇಗೆ?

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದು, ಇತಿಹಾಸದಲ್ಲಿ ಬಿ.ಎ. ಮಾಡಬೇಕೆಂದಿದ್ದಾಳೆ. ನ್ಯಾಕ್ (ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಸಂಸ್ಥೆ) ಶ್ರೇಣಿಯನ್ನು ನೋಡಿ ಕಾಲೇಜನ್ನು ಆರಿಸಿದರೆ ಸಾಕೇ?

ಉತ್ತರ 1: ಸಾಲದು. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಶ್ರೇಣಿ ನೀಡುವುದು ಇಡೀ ಸಂಸ್ಥೆಗೆ, ವಿಭಾಗಕ್ಕಲ್ಲ. ವಿಜ್ಞಾನಕ್ಕೆ ಹೆಸರಾದ ಕಾಲೇಜಿನಲ್ಲೂ ಇತಿಹಾಸ ವಿಭಾಗವು ಒಬ್ಬರೇ ಕಾಯಂ ಅಧ್ಯಾಪಕರು ಮತ್ತು ವರ್ಷವರ್ಷವೂ ಬದಲಾಗುವ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿರಬಹುದು. ಮೊದಲು ಅದನ್ನೇ ವಿಚಾರಿಸಿ.

ಉತ್ತರ 2: ಗ್ರಂಥಾಲಯವನ್ನೂ ನೋಡಿ ಬನ್ನಿ. ಶಾಸನ ಸಂಪುಟಗಳು ಬೀಗ ಹಾಕಿದ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದು, ಪರೀಕ್ಷೆಯ ಗೈಡುಗಳಷ್ಟೇ ಸವೆದಿದ್ದರೆ, ಅಲ್ಲಿನ ಪಾಠ ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

ಉತ್ತರ 3: ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ, ಅವರು ಬರೆದ ಕಿರುಪ್ರಬಂಧವೊಂದನ್ನು ಕೇಳಿ ಓದಿರಿ, ಅಧ್ಯಾಪಕರ ತಿದ್ದುಪಡಿಗಳು ಅಂಚಿನಲ್ಲಿ ಇದ್ದರೆ ಧೈರ್ಯವಾಗಿ ಸೇರಿಸಬಹುದು.