ಎಂಟು ತಿಂಗಳ ಮಗು, ನಾನೊಬ್ಬಳೇ: ದೇವನಹಳ್ಳಿಯಿಂದ ಟೊರಾಂಟೊವರೆಗೆ ಏನೇನು ತಯಾರಿ ಬೇಕು?

ಚಿಂತಾಮಣಿ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಕೆನಡಾದ ಮಿಸ್ಸಿಸಾಗಾದಲ್ಲಿದ್ದಾರೆ, ಅವರಿಗೆ ಹೆರಿಗೆ ಹತ್ತಿರ ಬಂದಿದೆ. ಮುಂದಿನ ತಿಂಗಳು ಮಗಳನ್ನು ಕರೆದುಕೊಂಡು ಹೊರಡಬೇಕು. ಯಜಮಾನರಿಗೆ ರಜೆ ಇಲ್ಲ, ಹಾಗಾಗಿ ನಾವಿಬ್ಬರೇ. ಮಗಳಿಗೆ ಎಂಟು ತಿಂಗಳು ತುಂಬಿದೆ, ತೂಕ 8 ಕೆಜಿ. ಎದೆಹಾಲಿನ ಜೊತೆ ರಾತ್ರಿ ಒಂದು ಸಲ ಪೌಡರ್ ಹಾಲು, ದಿನಕ್ಕೆ ಎರಡು ಸಲ ರಾಗಿ ಸರಿ. ಪಾಸ್‌ಪೋರ್ಟ್, ವೀಸಾ ಬಂದಿವೆ. ಟಿಕೆಟ್ ಇನ್ನೂ ಮಾಡಿಸಿಲ್ಲ, ದುಬೈನಲ್ಲಿ ವಿಮಾನ ಬದಲಾಯಿಸೋ ಹಾಗೆ ನೋಡ್ತಿದ್ದೇವೆ.

ವಿಮಾನದಲ್ಲಿ ಮಗು ಮಲಗಿಸೋ ಚಿಕ್ಕ ತೊಟ್ಟಿಲು, ಬ್ಯಾಸಿನೆಟ್ ಅಂತಾರಲ್ಲ, ಅದು ಕೇಳಿದರೆ ಸಿಕ್ಕೇ ಸಿಗುತ್ತಾ? ಬಿಸಿನೀರಿನ ಫ್ಲಾಸ್ಕು, ಮಾಡಿಟ್ಟ ಸರಿ ಒಳಗೆ ಬಿಡ್ತಾರಾ? ಕಿವಿ ನೋವು ಬಂದರೆ ಏನು ಮಾಡೋದು? ದಾರಿಯುದ್ದಕ್ಕೂ ಮಲಗಲಿ ಅಂತ ನೆಗಡಿ ಸಿರಪ್ ಕೊಡು ಅಂತಾನೂ ಮನೆಯಲ್ಲಿ ಹೇಳ್ತಿದ್ದಾರೆ. ಗೊತ್ತಿರೋರು ದಯವಿಟ್ಟು ತಿಳಿಸಿ.

ತುಮಕೂರು ಟಿಕೆಟ್ ಕೌಂಟರ್

ಮೇಡಂ, ಬ್ಯಾಸಿನೆಟ್ ಸಿಕ್ಕೇ ಸಿಗುತ್ತೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಎದುರಿಗೆ ಗೋಡೆ ಇರುವ ಸಾಲಿನಲ್ಲಿ ಮಾತ್ರ ಅದನ್ನು ಸಿಕ್ಕಿಸೋಕೆ ಬರುತ್ತೆ, ಹಾಗಾಗಿ ಇಡೀ ವಿಮಾನಕ್ಕೆ ಬೆರಳೆಣಿಕೆಯಷ್ಟೇ. ಟಿಕೆಟ್ ಆದ ದಿನವೇ ಏರ್‌ಲೈನ್‌ಗೆ ಫೋನ್ ಮಾಡಿ, ಬೆಂಗಳೂರು–ದುಬೈ, ದುಬೈ–ಟೊರಾಂಟೊ ಎರಡಕ್ಕೂ ಬೇರೆ ಬೇರೆಯಾಗಿ ಕೋರಿಕೆ ಹಾಕಿಸಿ. ಎಷ್ಟೋ ಜನ ಒಂದಕ್ಕೆ ಹಾಕಿಸಿ ಇನ್ನೊಂದನ್ನು ಬಿಟ್ಟುಬಿಡ್ತಾರೆ, ಆಗ ಉದ್ದದ ಹಾರಾಟದಲ್ಲೇ ತೊಟ್ಟಿಲು ಇರಲ್ಲ. ತೂಕದ ಮಿತಿ ಬಹಳಷ್ಟು ಕಡೆ 10ರಿಂದ 11 ಕೆಜಿ, ಉದ್ದಕ್ಕೂ ಮಿತಿ ಇದೆ. ನಿಮ್ಮ ಮಗು ತೂಕದಲ್ಲಿ ಒಳಗೇ ಇದೆ, ಆದರೆ ಆಸರೆಯಿಲ್ಲದೆ ಎದ್ದು ಕೂರೋ ಮಗುವಾದರೆ ಕೆಲವು ಏರ್‌ಲೈನ್ ಕೊಡಲ್ಲ. ಅದನ್ನೂ ಫೋನಿನಲ್ಲೇ ಕೇಳಿಬಿಡಿ.

ಸಿಕ್ಕರೂ ಮೇಲೇರುವಾಗ, ಇಳಿಯುವಾಗ ಮಗು ನಿಮ್ಮ ಮಡಿಲಲ್ಲೇ ಇರಬೇಕು, ನಿಮ್ಮ ಬೆಲ್ಟಿಗೆ ಜೋಡಿಸೋ ಚಿಕ್ಕ ಬೆಲ್ಟ್ ಕೊಡ್ತಾರೆ. ನಡುವೆ ವಿಮಾನ ಕುಲುಕಿ ಬೆಲ್ಟ್ ದೀಪ ಹತ್ತಿದರೆ, ನಿದ್ದೆಯಲ್ಲಿದ್ದರೂ ಸಾಮಾನ್ಯವಾಗಿ ಎತ್ತಿಕೊಳ್ಳಿ ಅಂತಾರೆ. ಆ ಸಾಲಿನಲ್ಲಿ ಎದುರು ಸೀಟಿನ ಕೆಳಗಿನ ಜಾಗವೂ ಇರಲ್ಲ, ಕೈಚೀಲ ಮೇಲಿನ ಗೂಡಿಗೇ ಹೋಗಬೇಕು. ಅದಕ್ಕೆ ಒಂದು ನ್ಯಾಪಿ, ನಾಲ್ಕು ವೈಪ್ಸ್, ಒಂದು ಪ್ಲಾಸ್ಟಿಕ್ ಕವರ್ ಸೇರಿಸಿದ ಸಣ್ಣ ಪೊಟ್ಟಣಗಳನ್ನು ಮೊದಲೇ ಮಾಡಿಟ್ಟು, ಒಂದನ್ನು ಕೈಯಲ್ಲೇ ಹಿಡಿದಿರಿ.

ಸೀಟು ನೀವೇ ಆರಿಸಿಕೊಂಡಿದ್ದರೂ ಕೊನೇ ಗಳಿಗೆಯಲ್ಲಿ ಬದಲಾಯಿಸಬಹುದು. ಸೀಟುಗಳ ಒಂದು ಗುಂಪಿನ ಮೇಲೆ ಹೆಚ್ಚುವರಿ ಆಮ್ಲಜನಕ ಮಾಸ್ಕ್ ಸಾಮಾನ್ಯವಾಗಿ ಒಂದೇ ಇರೋದರಿಂದ, ಅಲ್ಲಿ ಮಡಿಲ ಮಕ್ಕಳಿಬ್ಬರನ್ನು ಕೂರಿಸುವ ಹಾಗಿಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಮಡಿಲ ಟಿಕೆಟ್ ದರ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು, ತೆರಿಗೆ ಬೇರೆ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರಬೇಕು. ನಮ್ಮ ಕಡೆ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುವ ಪಾಸ್‌ಪೋರ್ಟ್ ಬಹಳ, ಬುಕಿಂಗ್ ಫಾರಂ ಮಾತ್ರ ಖಾಲಿ ಒಪ್ಪಲ್ಲ. ಹಾಗಿದ್ದರೆ ನೀವಾಗೇ ಏನಾದರೂ ತುಂಬದೆ, ಹೇಗೆ ಬರೆಯಬೇಕು ಅಂತ ಏರ್‌ಲೈನನ್ನೇ ಕೇಳಿ. ದುಬೈನಲ್ಲಿ ಮೂರು ಗಂಟೆಗಿಂತ ಕಡಿಮೆ ಅಂತರ ಬೇಡ. ಮತ್ತೆ ಸೆಕ್ಯುರಿಟಿ ತಪಾಸಣೆ ಆಗಬೇಕು, ಗೇಟು ದೂರ ಇರಬಹುದು, ನಡುವೆ ಮಗುವಿನ ನ್ಯಾಪಿಯೂ ಬದಲಾಗಬೇಕು. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ.

ಕೋಲಾರ ಮಕ್ಕಳ ವಾರ್ಡ್

ನೋಡಮ್ಮ, ಮೊದಲು ಆ ಸಿರಪ್ ವಿಚಾರ. ಕೊಡಲೇಬೇಡಿ. ನೆಗಡಿ ಸಿರಪ್‌ಗಳಲ್ಲಿ ಇರೋದು ಹೆಚ್ಚಾಗಿ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್. ಈ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ. ಉಸಿರಾಟ ನಿಧಾನ ಆಗೋ ಭಯ ಇದೆ. ಕೆಲವು ಮಕ್ಕಳಿಗೆ ಉಲ್ಟಾ ಹೊಡೆದು, ನಿದ್ದೆ ಹೋಗಿ ರಚ್ಚೆ ಹಿಡಿಯುತ್ತೆ.

ಕಿವಿ ನೋವು ಬರೋದು ಹೆಚ್ಚಾಗಿ ಇಳಿಯುವಾಗ. ಮೇಲೇರುವಾಗ ಕಿವಿಯೊಳಗಿನ ಗಾಳಿ ತಾನಾಗಿ ಹೊರಗೆ ಬರುತ್ತೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಾಗಿ ಒಳಗಿನ ನಳಿಕೆ ಮುಚ್ಚಿಕೊಳ್ಳುತ್ತೆ, ನುಂಗಿದರೆ ತೆರೆಯುತ್ತೆ. ನಿದ್ದೆಯಲ್ಲಿ ಮಗು ನುಂಗೋದು ಕಡಿಮೆ. ಆದ್ದರಿಂದ ಇಳಿಯೋಕೆ ಶುರು ಅಂತ ಹೇಳಿದಾಗ, ಅಂದರೆ ನೆಲ ಮುಟ್ಟೋಕೆ ಸುಮಾರು ಅರ್ಧ ಗಂಟೆ ಮುಂಚೆ, ಎಬ್ಬಿಸಿ, ತಲೆ ಎತ್ತರವಾಗಿ ಹಿಡಿದು ಹಾಲು ಕೊಡಿ. ಅದಕ್ಕೆ ಮೊದಲು ಹೊಟ್ಟೆ ತುಂಬಿಸಿಬಿಟ್ಟರೆ ಬೇಕಾದ ಹೊತ್ತಿಗೆ ಬಾಯಿ ತೆರೆಯಲ್ಲ. ದುಬೈ, ಟೊರಾಂಟೊ ಎರಡು ಕಡೆಯೂ ಇದೇ ಲೆಕ್ಕ. ಮಗುವಿಗೆ ನೆಗಡಿ, ಕಿವಿ ಸೋರೋದು ಇದ್ದರೆ ಹೊರಡೋ ಮೊದಲು ಡಾಕ್ಟರಿಗೆ ಕಿವಿ ತೋರಿಸಿ.

ಮಾಡಿದ ರಾಗಿ ಸರಿ ಫ್ಲಾಸ್ಕಿಗೆ ತುಂಬಿಕೊಂಡು ಹೋಗಬೇಡಿ. ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ ಗಂಜಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ವಾಂತಿ ಭೇದಿ ಆಗುತ್ತೆ. ಹಿಟ್ಟು ಒಯ್ದು ಬಿಸಿನೀರಲ್ಲಿ ಕಲೆಸೋಣ ಅಂದರೆ, ಸರಿ ಹಿಟ್ಟು ಹಸಿ, ಒಲೆ ಮೇಲೆ ಕುದ್ದು ಗಟ್ಟಿಯಾಗಲೇಬೇಕು. ಫ್ಲಾಸ್ಕಿನ ನೀರಿಗೆ ಬೇಯಲ್ಲ, ಹೊಟ್ಟೆ ಉಬ್ಬರಿಸುತ್ತೆ. ಅದರ ಬದಲು ಅವಲಕ್ಕಿಯನ್ನು ಗರಿಗರಿಯಾಗಿ ಹುರಿದು, ಎರಡು ಭಾಗಕ್ಕೆ ಒಂದು ಭಾಗ ಹುರಿಗಡಲೆ ಸೇರಿಸಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಅವಲಕ್ಕಿ ಮೊದಲೇ ಬೆಂದಿರೋ ಪದಾರ್ಥ, ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಸಾಕು. ಎರಡು ಚಮಚ ಪುಡಿಗೆ ಸುಮಾರು ಅರ್ಧ ಲೋಟ ನೀರು. ಈಗಿನಿಂದಲೇ ಮನೆಯಲ್ಲಿ ತಿನ್ನಿಸಿ ನೋಡಿ, ಹೊಸ ಆಹಾರವನ್ನು ಆಕಾಶದಲ್ಲಿ ಶುರು ಮಾಡಬೇಡಿ.

ಪೌಡರ್ ಹಾಲಿಗೆ ಒಂದೊಂದು ಸಲದ ಅಳತೆಯನ್ನು ಒಣ ಡಬ್ಬಿಗಳಲ್ಲಿ ಬೇರೆ ಮಾಡಿ. ನೀರು ಕನಿಷ್ಠ 70 ಡಿಗ್ರಿ ಇರುವಾಗ ಪುಡಿ ಹಾಕಿ, ಆಮೇಲೆ ಆರಿಸಿ, ಎರಡು ಗಂಟೆಯೊಳಗೆ ಕುಡಿಸಿ. ಕುಡಿದು ಉಳಿದದ್ದನ್ನು ಚೆಲ್ಲಿಬಿಡಿ. ವಿಮಾನದೊಳಗಿನ ಗಾಳಿ ಬಹಳ ಒಣ, ಎದೆಹಾಲು ಎಂದಿಗಿಂತ ಹೆಚ್ಚು ಸಲ ಕೊಡಿ, ನೀವೂ ನೀರು ಕುಡೀತಾ ಇರಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಇಟ್ಟುಕೊಳ್ಳಿ, ಆದರೆ ಬಾಟಲಿ ಮೇಲೆ ಓದಿ. ಕೆಜಿಗೆ 10–15 ಮಿಲಿಗ್ರಾಂ ಲೆಕ್ಕದಲ್ಲಿ 8 ಕೆಜಿಗೆ 80–120 ಮಿಲಿಗ್ರಾಂ. 1 ಎಂಎಲ್‌ಗೆ 100 ಮಿಲಿಗ್ರಾಂ ಇರೋ ಡ್ರಾಪ್ಸ್ ಆದರೆ ಇದು ಸುಮಾರು 1 ಎಂಎಲ್. 5 ಎಂಎಲ್‌ಗೆ 125 ಮಿಲಿಗ್ರಾಂ ಇರೋ ಸಿರಪ್ ಆದರೆ ಸುಮಾರು 4 ಎಂಎಲ್. ಸಿರಪ್ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಔಷಧಿ ಹೋಗುತ್ತೆ, ಆಗೋ ತಪ್ಪು ಇದೇ. ನಿಮ್ಮ ಡಾಕ್ಟರ ಹತ್ತಿರ ಅಳತೆ ಬರೆಸಿ ಬಾಟಲಿಗೇ ಅಂಟಿಸಿ.

ಇನ್ನೊಂದು ಮಾತು, ಇದು ನೀವು ಕೇಳದೇ ಇದ್ದದ್ದು. ಒಂಬತ್ತು ತಿಂಗಳು ತುಂಬಿದಾಗ ದಡಾರ–ರುಬೆಲ್ಲಾ ಲಸಿಕೆ ಇದೆ. ಟೊರಾಂಟೊ ಇರೋ ಒಂಟಾರಿಯೊ ಪ್ರಾಂತ್ಯದಲ್ಲಿ 2025ರಲ್ಲಿ ದಡಾರ ಜೋರಾಗಿ ಹರಡಿತ್ತು, ನೀವು ಹೋಗ್ತಿರೋದು ಹಸುಗೂಸು ಬರೋ ಮನೆಗೆ. ಲಸಿಕೆಯಿಂದ ರಕ್ಷಣೆ ಬರೋಕೆ ಎರಡು ವಾರ ಬೇಕು, ಕೆಲವರಿಗೆ ವಾರ ಕಳೆದ ಮೇಲೆ ಜ್ವರ ಬಂದು ಹೋಗುತ್ತೆ. ಒಂಬತ್ತು ತುಂಬಿದ ಕೂಡಲೇ ಹಾಕಿಸಿ, ಎರಡು ವಾರ ಬಿಟ್ಟು ಹಾರೋದು ಒಳ್ಳೇದು. ಅಷ್ಟು ಕಾಯೋಕಾಗದಿದ್ದರೆ ಬೇಗ ಹಾಕಬಹುದಾ ಅಂತ ಈಗಲೇ ಕೇಳಿ. ತಾಯಿ ಕಾರ್ಡ್ ಜೊತೆಯಲ್ಲಿರಲಿ, ಲಸಿಕೆಗಳ ಹೆಸರು ತಾರೀಕುಗಳನ್ನು ಇಂಗ್ಲಿಷ್‌ನಲ್ಲೂ ಬರೆಸಿಕೊಳ್ಳಿ.

ಚಿಂತಾಮಣಿ ತಾಯಿ

ಲಸಿಕೆ ವಿಷಯ ಹೊಳೆದಿರಲೇ ಇಲ್ಲ, ತುಂಬಾ ಧನ್ಯವಾದ ಸಿಸ್ಟರ್. ಹಾಗಾದರೆ ತಾರೀಕು ಮುಂದಕ್ಕೆ ಹಾಕ್ತೇವೆ. ಟೊರಾಂಟೊದಲ್ಲಿ ಇಳಿದ ಮೇಲೆ ಏನೇನು ಕೇಳ್ತಾರೆ? ಸ್ಟ್ರೋಲರ್ (ಮಗು ಕೂರಿಸಿ ತಳ್ಳೋ ಗಾಡಿ) ಒಯ್ಯಬಹುದಾ?

ಗೌರಿಬಿದನೂರು–ಬ್ರಾಂಪ್ಟನ್

ಅಕ್ಕ, ತಂದೆ ಜೊತೆಯಲ್ಲಿ ಇಲ್ಲ ಅಂದಮೇಲೆ ಅವರ ಒಪ್ಪಿಗೆ ಪತ್ರ ಇಲ್ಲದೆ ಹೊರಡಬೇಡಿ. ಮಗುವಿನ ಹೆಸರು, ಪಾಸ್‌ಪೋರ್ಟ್ ನಂಬರ್, ಹೋಗಿ ಬರೋ ತಾರೀಕು, ಇಲ್ಲಿ ಕೆನಡಾದಲ್ಲಿ ಉಳಿಯೋ ವಿಳಾಸ, ಯಜಮಾನರ ಫೋನ್ ನಂಬರ್, ಎಲ್ಲ ಇಂಗ್ಲಿಷ್‌ನಲ್ಲಿ ಬರೆಸಿ ನೋಟರಿ ಮಾಡಿಸಿ. ಜೊತೆಗೆ ಅವರ ಪಾಸ್‌ಪೋರ್ಟ್ ಅಥವಾ ಬೇರೆ ಗುರುತಿನ ಚೀಟಿಯ ಜೆರಾಕ್ಸ್, ಮಗುವಿನ ಜನನ ಪ್ರಮಾಣ ಪತ್ರ. ಕೇಳದೇ ಇರಬಹುದು, ಕೇಳಿದಾಗ ಇಲ್ಲದಿದ್ದರೆ ಮಗು ಎತ್ತಿಕೊಂಡು ನಿಂತೇ ಇರಬೇಕಾಗುತ್ತೆ.

ತಿನ್ನೋ ಪದಾರ್ಥ ಏನಿದ್ದರೂ ಡಿಕ್ಲೇರ್ ಮಾಡಿ, ಅಂದರೆ ಇಳಿದಾಗ ಕಸ್ಟಮ್ಸ್‌ನವರಿಗೆ ನೀವೇ ಹೇಳಿ. ಡಿಕ್ಲೇರ್ ಮಾಡಿದ್ದು ಬೇಡ ಅಂದರೆ ಇಟ್ಟುಕೊಳ್ತಾರೆ, ಮುಚ್ಚಿಟ್ಟರೆ ದಂಡ. ಬಾಳೆಹಣ್ಣು ಉಳಿದಿದ್ದರೆ ವಿಮಾನದಲ್ಲೇ ಮುಗಿಸಿ. ಬಾಣಂತಿಗೆ ಅಂತ ಮನೆ ತುಪ್ಪ ಕಟ್ಟಿಕೊಡ್ತಾರೆ, ಹಾಲಿನ ಪದಾರ್ಥಕ್ಕೆ ನಿರ್ಬಂಧ ಇದೆ, ಅದನ್ನು ಇಲ್ಲೇ ಕೊಳ್ಳಬಹುದು.

ಕಾರ್ ಸೀಟ್ ಊರಿಂದ ತರಬೇಡಿ. ಕೆನಡಾದ ಸುರಕ್ಷತಾ ಗುರುತು ಇರೋ ಸೀಟನ್ನೇ ಇಲ್ಲಿ ಬಳಸಬೇಕು. 9 ಕೆಜಿ ಆಗೋವರೆಗೆ ಮಗು ಹಿಂದಕ್ಕೆ ಮುಖ ಮಾಡಿ ಕೂರಬೇಕು ಅನ್ನೋದು ಒಂಟಾರಿಯೊ ಕಾನೂನು. ನಿಮ್ಮ ಭಾವನಿಗೆ ಹೇಳಿ, ಕಾರಿಗೆ ಕಟ್ಟಿಕೊಂಡೇ ಏರ್‌ಪೋರ್ಟಿಗೆ ಬರಲಿ. ಮಡಿಲಲ್ಲಿ ಕೂರಿಸಿ ಕರೆದುಕೊಂಡು ಹೋಗೋ ಹಾಗಿಲ್ಲ.

ಸ್ಟ್ರೋಲರ್ ತನ್ನಿ, ವಿಮಾನದ ಬಾಗಿಲವರೆಗೂ ಬಿಡ್ತಾರೆ, ಅಲ್ಲಿ ಟ್ಯಾಗ್ ಹಾಕಿ ತೆಗೆದುಕೊಳ್ತಾರೆ. ಆದರೆ ದುಬೈನಲ್ಲಿ ಅದು ಬಾಗಿಲಿಗೆ ಬರದೆ ನೇರ ಟೊರಾಂಟೊಗೆ ಹೋಗಿಬಿಡಬಹುದು. ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರ್ ಇದ್ದೇ ಇರಲಿ. ಸೆಕ್ಯುರಿಟಿಯಲ್ಲಿ ಮಗುವನ್ನು ಅದರಿಂದಲೂ ಇಳಿಸಿ ಎತ್ತಿಕೊಳ್ಳಿ ಅಂತಾರೆ, ಬಿಚ್ಚಿ ಕಟ್ಟೋದನ್ನು ಮನೆಯಲ್ಲಿ ಒಂಟಿ ಕೈಲಿ ಅಭ್ಯಾಸ ಮಾಡಿಕೊಳ್ಳಿ. ಫ್ಲಾಸ್ಕು, ಹಾಲಿನ ಪುಡಿ ಬ್ಯಾಗಿಂದ ಹೊರಗೆ ತೆಗೆದು ಟ್ರೇಯಲ್ಲಿಟ್ಟು ಮಗುವಿನದು ಅಂತ ಮೊದಲೇ ಹೇಳಿ. ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಹಾಲು, ಆಹಾರಕ್ಕೆ 100 ಎಂಎಲ್ ಮಿತಿ ಅನ್ವಯಿಸಲ್ಲ.

ಮನೆಯಿಂದ ಮನೆಗೆ ಸುಮಾರು 28 ಗಂಟೆ ಅಂತ ಇಟ್ಟುಕೊಳ್ಳಿ. ಮೂರು ಗಂಟೆಗೊಂದರಂತೆ ಹತ್ತು ನ್ಯಾಪಿ, ವಿಮಾನ ತಡವಾದರೆ ಅಂತ ಇನ್ನೈದು. ಮಗುವಿಗೆ ಮೂರು ಜೊತೆ ಬಟ್ಟೆ, ನಿಮಗೂ ಒಂದು ಜೊತೆ ಕೈಚೀಲದಲ್ಲೇ ಇರಲಿ. ಮಗು ಕಕ್ಕಿದರೆ ಅಷ್ಟು ಹೊತ್ತು ಅದೇ ಬಟ್ಟೆಯಲ್ಲಿ ಕೂರೋಕಾಗಲ್ಲ.

ತುಮಕೂರು ಟಿಕೆಟ್ ಕೌಂಟರ್

ತಾರೀಕು ಮುಂದಕ್ಕೆ ಹೋಗ್ತಿರೋದರಿಂದ ಒಂದು ಸೇರಿಸ್ತೀನಿ: ವೀಸಾ ಮುಗಿಯೋ ದಿನ ಮತ್ತೆ ನೋಡಿಕೊಳ್ಳಿ, ತಾಯಿದು ಮಗುವಿನದು ಎರಡೂ. ಚಿಂತಾಮಣಿಯಿಂದ ಶಿಡ್ಲಘಟ್ಟ, ವಿಜಯಪುರ, ದೇವನಹಳ್ಳಿ ಮೇಲೆ ಬಂದರೆ ಬೆಂಗಳೂರಿನೊಳಗೆ ಹೋಗೋ ಕೆಲಸವೇ ಇಲ್ಲ. ಅಂತರರಾಷ್ಟ್ರೀಯ ವಿಮಾನ ಟರ್ಮಿನಲ್ 2ರಿಂದ. ಮಡಿಲ ಮಗು ಇದ್ದಾಗ ದಾಖಲೆ ಪರಿಶೀಲನೆಗೆ ಕೌಂಟರಿಗೇ ಹೋಗಬೇಕಾಗಬಹುದು, ಹೊರಡೋ ಸಮಯಕ್ಕೆ ನಾಲ್ಕು ಗಂಟೆ ಮುಂಚೆ ಅಲ್ಲಿರಿ, ಬ್ಯಾಸಿನೆಟ್ ಸೀಟು ಖಾಲಿ ಉಳಿದಿದ್ದರೆ ಆಗಲೇ ಕೇಳಿ ಹಾಕಿಸಿಕೊಳ್ಳಿ.